ಪಾವು ಹೋಯಿತು, ಹಿಡಿ ಉಳಿಯಿತು

ಬೇರೆ ಊರಿನಲ್ಲಿ ಹೊಸದಾಗಿ ಮನೆ ಮಾಡಿರುವ ಮಗಳು ಮೊನ್ನೆ ಫೋನ್ ಮಾಡಿ, ಅಕ್ಕಿ ಎಷ್ಟು ಹಾಕಲಿ ಅಂತ ಕೇಳಿದಳು. ಮೂವರು ಗೆಳತಿಯರು ಊಟಕ್ಕೆ ಬರುವವರಿದ್ದರು. ‘ಒಂದೂವರೆ ಪಾವು ಸಾಕು ಬಿಡು’ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, ‘ಅಮ್ಮ, ಪಾವು ಅಂದ್ರೆ ಎಷ್ಟು?’ ಅಂದಳು.

ಅವಳದ್ದು ತಪ್ಪಲ್ಲ. ಅವಳು ಹುಟ್ಟುವ ಹೊತ್ತಿಗೆ ನಮ್ಮ ಮನೆಯ ಅಕ್ಕಿ ಡಬ್ಬಿಗೆ ಸ್ಟೀಲ್ ಲೋಟ ಬಂದಾಗಿತ್ತು. ನಾನು ಬಾಯಲ್ಲಿ ಪಾವು ಅನ್ನುತ್ತಿದ್ದೆ, ಕೈಯಲ್ಲಿ ಲೋಟ ಇರುತ್ತಿತ್ತು. ಅವಳು ನೋಡಿದ್ದು ಲೋಟವನ್ನು. ಹಾಗಾಗಿ ಪಾವು ಅವಳ ಕಿವಿಗೆ ಬಿತ್ತೇ ಹೊರತು ಕೈಗೆ ಸಿಗಲಿಲ್ಲ.

ಅವತ್ತು ಫೋನ್ ಇಟ್ಟ ಮೇಲೆ ಇದೇ ಯೋಚನೆ. ನಮ್ಮ ಬಾಲ್ಯದ ಎಷ್ಟೋ ಮಾತುಗಳು ಹೋಗಿಬಿಟ್ಟವು ಅಂತ ಬೇಜಾರು ಮಾಡಿಕೊಳ್ಳುತ್ತೇವೆ, ಆದರೆ ಎಲ್ಲವೂ ಹೋಗಿಲ್ಲ ಅಲ್ವಾ? ‘ಒಂದು ಹಿಡಿ ಕೊತ್ತಂಬರಿ ಹಾಕು’ ಅಂದರೆ ಅವಳಿಗೆ ಅರ್ಥವಾಗುತ್ತದೆ. ‘ಒಂದು ಮೊಳ ಹೂವು ತಗೊಂಡು ಬಾ’ ಅಂದರೂ ಆಗುತ್ತದೆ. ಪಾವು ಮಾತ್ರ ಯಾಕೆ ಹೋಯಿತು? ಇದಕ್ಕೆ ಕಾರಣ ಇದೆ. ಅದನ್ನು ಹೇಳಬೇಕು ಅಂದರೆ ಮೊದಲು ಹಳೇ ಅಳತೆಗಳು ಹೇಗಿದ್ದವು ಅನ್ನುವುದನ್ನು ಬಿಡಿಸಿ ಹೇಳಬೇಕು.

ಹಳೇ ಮೈಸೂರಿನ ಕಡೆ ಮನೆಗಳಲ್ಲಿ ಕಾಳುಕಡಿ ಅಳೆಯುವುದಕ್ಕೆ ಸೇರು ಮುಖ್ಯ. ಸೇರು ಅಂದರೆ ಒಂದು ಪಾತ್ರೆ. ಹಿತ್ತಾಳೆಯದ್ದೋ ಕಬ್ಬಿಣದ್ದೋ, ಸುತ್ತ ಪಟ್ಟಿ ಹೊಡೆದದ್ದು. ಸೇರಿನಲ್ಲಿ ನಾಲ್ಕನೇ ಒಂದು ಭಾಗ ಪಾವು. ಪಾವಿನಲ್ಲಿ ಅರ್ಧ ಅರೆಪಾವು, ನಾವು ಬಾಯಲ್ಲಿ ಅರ್ಪಾವು ಅನ್ನುತ್ತಿದ್ದೆವು. ಅದರಲ್ಲೂ ಅರ್ಧ ಚಟಾಕು. ಅಂದರೆ ಒಂದು ಸೇರಿಗೆ 4 ಪಾವು, 16 ಚಟಾಕು. ಎರಡು ಪಾವು ಸೇರಿದರೆ ಅಚ್ಚೇರು, ಅರ್ಧ ಸೇರು ಅನ್ನುವುದೇ ಬಾಯಲ್ಲಿ ಸವೆದು ಹಾಗಾದದ್ದು. ಸೇರಿನಿಂದ ಮೇಲಕ್ಕೆ ಹೋದರೆ ಬಳ್ಳ, ಕೊಳಗ, ಖಂಡುಗ. 20 ಕೊಳಗಕ್ಕೆ ಒಂದು ಖಂಡುಗ.

ಇದರಲ್ಲಿ ಒಂದು ಸೊಗಸಿದೆ, ಗಮನಿಸಿ. ಸೇರಿನಿಂದ ಕೆಳಗೆ ಇಳಿಯುವಾಗ ಎಲ್ಲವೂ ಅರ್ಧ, ಅದರ ಅರ್ಧ, ಅದರ ಅರ್ಧ. ಹತ್ತರ ಲೆಕ್ಕ ಇಲ್ಲ. ಯಾಕೆ ಅಂದರೆ ಕಣ್ಣಿಗೆ ಅರ್ಧ ಮಾಡುವುದು ಸುಲಭ, ಹತ್ತು ಪಾಲು ಮಾಡುವುದು ಕಷ್ಟ. ಒಂದು ರಾಶಿ ಕಾಳನ್ನು ಯಾರಿಗಾದರೂ ಕೊಟ್ಟು ಎರಡು ಸಮಪಾಲು ಮಾಡು ಅಂದರೆ ಓದು ಬಾರದವರೂ ಮಾಡುತ್ತಾರೆ. ಹತ್ತು ಪಾಲು ಮಾಡು ಅಂದರೆ ಓದಿದವರೂ ತಡವರಿಸುತ್ತಾರೆ. ನಮ್ಮಜ್ಜಿ ಒಂದು ದಿನವೂ ಶಾಲೆಗೆ ಹೋದವಳಲ್ಲ. ಆದರೆ ಎಂಟು ಜನಕ್ಕೆ ಎಷ್ಟು ಪಾವು, ಹಬ್ಬಕ್ಕೆ ನೆಂಟರು ಬಂದು ಇಪ್ಪತ್ತಾದರೆ ಎಷ್ಟು ಸೇರು ಅಂತ ನಿಂತ ಕಾಲಲ್ಲೇ ಹೇಳುತ್ತಿದ್ದಳು.

ಈಗ ತೊಡಕು ಎಲ್ಲಿ ಅಂದರೆ, ಸೇರು ಅಂದರೆ ಅಳತೆಯೂ ಹೌದು, ತೂಕವೂ ಹೌದು. ಅಕ್ಕಿ ಅಳೆಯುವ ಸೇರು ಪಾತ್ರೆ, ಹೆಚ್ಚುಕಮ್ಮಿ ಒಂದು ಲೀಟರಿನ ಆಸುಪಾಸು. ಬೆಲ್ಲ, ಹುಣಸೆಹಣ್ಣು ತೂಗುವ ಸೇರು ತಕ್ಕಡಿಯದ್ದು. ತಕ್ಕಡಿಯಲ್ಲೂ ಎರಡು ಥರ. ಪಕ್ಕಾ ಸೇರು, ಕಚ್ಚಾ ಸೇರು. 80 ತೊಲದ ಸೇರು ನಮ್ಮ ಇವತ್ತಿನ ಲೆಕ್ಕದಲ್ಲಿ 933 ಗ್ರಾಂ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ ಮಾತ್ರ, ಅಂದರೆ ಸುಮಾರು 280 ಗ್ರಾಂ. ತೊಲ ಅಂದರೆ ಬೆಳ್ಳಿ ರೂಪಾಯಿಯ ತೂಕ, 11.66 ಗ್ರಾಂ. ಮನೆಯಲ್ಲಿ ತೂಕದ ಬಟ್ಟು ಇಲ್ಲದಿದ್ದರೆ ರೂಪಾಯಿಯನ್ನೇ ತಕ್ಕಡಿಗೆ ಹಾಕಬಹುದಿತ್ತು. ದುಡ್ಡೇ ತೂಕ, ತೂಕವೇ ದುಡ್ಡು.

ಇನ್ನು ಊರು ಬದಲಾದರೆ ಸೇರೂ ಬದಲಾಗುತ್ತಿತ್ತು. ಬಳ್ಳ ಒಂದು ಕಡೆ ಎರಡು ಸೇರು, ಇನ್ನೊಂದು ಕಡೆ ನಾಲ್ಕು ಸೇರು. ಕರಾವಳಿಗೆ ಹೋದರೆ ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟುವ ಮುಡಿ, 42 ಸೇರಿಗೆ ಒಂದು ಮುಡಿ. ಬಡಗಣ ಸೀಮೆಯಲ್ಲಿ ಹೊಲವನ್ನು ಕೂರಿಗೆಯಲ್ಲಿ, ಅಂದರೆ ಬೀಜ ಬಿತ್ತುವ ಸಲಕರಣೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ನಮ್ಮ ಕಡೆ ಗದ್ದೆಯನ್ನು ಖಂಡುಗದಲ್ಲಿ. ‘ಅವರದು ಎರಡು ಖಂಡುಗ ಗದ್ದೆ’ ಅಂದರೆ ಅಷ್ಟು ಅಗಲ ಅಂತಲ್ಲ, ಅಷ್ಟು ಬಿತ್ತನೆ ಬೀಜ ಹಿಡಿಯುವ ಗದ್ದೆ ಅಂತ. ನೆಲವನ್ನು ಕಾಳಿನಿಂದ ಅಳೆಯುವುದು ಎಷ್ಟು ಚೆಂದ ಅಂತ ನನಗೆ ಈಗಲೂ ಅನ್ನಿಸುತ್ತದೆ. ಗದ್ದೆ ಇರುವುದೇ ಬೆಳೆಯುವುದಕ್ಕೆ, ಅದರ ಗಾತ್ರವನ್ನೂ ಬೆಳೆಯಿಂದಲೇ ಹೇಳುವುದು.

ಆದರೆ ನಿಜ ಹೇಳಬೇಕು. ಈ ಚೆಂದದ ಒಳಗೆ ಮೋಸಕ್ಕೂ ಜಾಗ ಇತ್ತು. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಇಟ್ಟುಕೊಂಡವರಿದ್ದರು. ಪಾತ್ರೆಯ ತಳ ಸ್ವಲ್ಪ ಮೇಲಕ್ಕೆ ತಟ್ಟಿದರೆ ಸಾಕು, ಒಂದು ಹಿಡಿ ಉಳಿಯಿತು. ಸೇರನ್ನು ಗೋಪುರದ ಹಾಗೆ ಗುಡ್ಡೆ ಮಾಡಿ ಅಳೆಯುವುದೋ, ಬಾಯಿಯ ಮಟ್ಟಕ್ಕೆ ಕೈಯಿಂದ ಸವರಿ ಅಳೆಯುವುದೋ ಅನ್ನುವುದರ ಮೇಲೆ ಜಗಳಗಳಾಗುತ್ತಿದ್ದವು. ಗೇಣಿ ಕೊಡುವ ರೈತನಿಗೆ ಈ ಗುಡ್ಡೆಯೇ ದೊಡ್ಡ ನಷ್ಟ. ಜೊತೆಗೆ 1956ರ ನವೆಂಬರ್ 1ಕ್ಕೆ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಅಂತ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದೇ ರಾಜ್ಯವಾಯಿತಲ್ಲ, ಒಂದೊಂದು ಕಡೆಯದ್ದು ಒಂದೊಂದು ಅಳತೆ. ಅದೇ ವರ್ಷ ಇಡೀ ದೇಶಕ್ಕೆ ಒಂದೇ ತೂಕ, ಒಂದೇ ಅಳತೆ ಇರಬೇಕು ಅಂತ ಕಾಯ್ದೆ ಆಯಿತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ, ಲೀಟರು ಬಂದವು. ಬರಬೇಕಿತ್ತು ಅಂತಲೇ ನಾನು ಹೇಳುತ್ತೇನೆ. ಹಳೇ ಮಾತಿನ ಮೇಲೆ ಎಷ್ಟು ಪ್ರೀತಿ ಇದ್ದರೂ, ಆ ಗುಡ್ಡೆ ಅಳತೆ ವಾಪಸ್ ಬರಲಿ ಅಂತ ನಾನು ಬಯಸುವುದಿಲ್ಲ.

ಅಂಗಡಿಯಲ್ಲಿ ಕಿಲೋ ಬಂದರೂ ಮನೆಯೊಳಗೆ ಸೇರು, ಪಾವು ಇನ್ನೂ ಇಪ್ಪತ್ತು ಮೂವತ್ತು ವರ್ಷ ನಡೆದವು. ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೂ ನಮ್ಮಜ್ಜಿ ಪಾವಿನಲ್ಲೇ ಅಳೆಯುತ್ತಿದ್ದಳು. ಯಾಕೆ ಅಂದರೆ ಆ ಪಾತ್ರೆ ಅಲ್ಲೇ ಇತ್ತು. ಕಾಯ್ದೆ ಅಂಗಡಿಯ ತಕ್ಕಡಿಯನ್ನು ಬದಲಾಯಿಸಿತು, ಅಜ್ಜಿಯ ಅಕ್ಕಿ ಗುಡಾಣದೊಳಕ್ಕೆ ಬರಲಿಲ್ಲ. ಪಾವಿಗೆ ಕುತ್ತು ಬಂದದ್ದು ಆಮೇಲೆ, ಹಿತ್ತಾಳೆ ಪಾತ್ರೆಗಳನ್ನೆಲ್ಲ ಹಾಕಿ ಸ್ಟೀಲು ತಗೊಂಡಾಗ. ಹಳೇ ಪಾತ್ರೆಯವನ ಗಾಡಿಯಲ್ಲಿ ಪಾವೂ ಹೋಯಿತು, ಚಟಾಕೂ ಹೋಯಿತು. ಪಾತ್ರೆ ಹೋದ ಮೇಲೆ ಮಾತಿಗೆ ನಿಲ್ಲಲು ನೆಲ ಇಲ್ಲ. ನನ್ನಂಥವರ ಬಾಯಲ್ಲಿ ಒಂದು ತಲೆಮಾರು ಅಭ್ಯಾಸಕ್ಕೆ ಉಳಿಯಿತು, ಅಷ್ಟೇ.

ಇದಕ್ಕೆ ಒಳ್ಳೇ ಸಾಕ್ಷಿ ಮಗಳ ಅಡುಗೆಮನೆಯಲ್ಲೇ ಇದೆ. ಅವಳ ಹತ್ತಿರ ಕರೆಂಟಿನ ರೈಸ್ ಕುಕ್ಕರ್ ಇದೆ. ಅದರ ಜೊತೆ ಒಂದು ಪುಟ್ಟ ಪ್ಲಾಸ್ಟಿಕ್ ಕಪ್ಪು ಬರುತ್ತದೆ, 180 ಮಿಲಿಲೀಟರಿನದ್ದು. ಇದೇನು 180, ಸರಿಯಾಗಿ 200 ಯಾಕಿಲ್ಲ ಅಂತ ನಿಮಗೂ ಅನ್ನಿಸಿರಬಹುದು. ಅದು ಜಪಾನಿನ ಹಳೇ ಅಳತೆ, ಅಲ್ಲಿ ಅದಕ್ಕೆ ‘ಗೋ’ ಅನ್ನುತ್ತಾರೆ. ನಮ್ಮ ಪಾವು ಇದ್ದ ಹಾಗೆ. ಜಪಾನಿನಲ್ಲೂ ಮೆಟ್ರಿಕ್ ಬಂದು ಬಹಳ ಕಾಲವಾಯಿತು. ಆದರೆ ಕುಕ್ಕರಿನ ಜೊತೆ ಕಪ್ಪು ಉಳಿಯಿತು, ಕಪ್ಪಿನ ಜೊತೆ ಅವರ ಅಜ್ಜಿಯರ ಅಳತೆ ಉಳಿಯಿತು, ಉಳಿದು ನಮ್ಮ ಮನೆಗೂ ಬಂತು. ನಾವು ಪಾವಿನ ಪಾತ್ರೆಯನ್ನು ಹಾಗೆ ಯಾವುದಕ್ಕೂ ಕಟ್ಟಿಡಲಿಲ್ಲ.

ಈಗ ಹಿಡಿಯ ಕಡೆ ಬನ್ನಿ. ಚಿಟಿಕೆ, ಹಿಡಿ, ಬೊಗಸೆ, ಚೋಟು, ಗೇಣು, ಮೊಳ, ಮಾರು. ಇವು ಪಾವಿಗಿಂತ ಎಷ್ಟೋ ಹಳೆಯವು. ಆದರೂ ಇವತ್ತಿಗೂ ಇವೆ. ಇವುಗಳ ಪಾತ್ರೆಯನ್ನು ಯಾರೂ ಹಳೇ ಸಾಮಾನಿನವನಿಗೆ ಹಾಕುವ ಹಾಗಿಲ್ಲ, ಅದು ಮೈಯಲ್ಲೇ ಇದೆ. ಹೆಬ್ಬೆರಳು ತೋರುಬೆರಳು ಅಗಲಿಸಿದರೆ ಚೋಟು. ಹೆಬ್ಬೆರಳಿನಿಂದ ಕಿರುಬೆರಳಿಗೆ ಗೇಣು. ಮೊಣಕೈಯಿಂದ ಬೆರಳ ತುದಿಗೆ ಮೊಳ. ಎರಡೂ ಕೈ ಚಾಚಿದರೆ ಮಾರು. ಒಬ್ಬ ಮನುಷ್ಯನ ಮೈಯಲ್ಲಿ ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು ಹೆಚ್ಚುಕಮ್ಮಿ ಕೂಡಿಬರುತ್ತದೆ. ನಿಮ್ಮ ಕೈಯಲ್ಲೇ ಒಮ್ಮೆ ಅಳೆದು ನೋಡಿ. ಹೂವಿನವಳ ಕೈ ಗಿಡ್ಡ ಇದ್ದರೆ ಮೊಳವೂ ಗಿಡ್ಡ, ಅದಕ್ಕೇ ಉದ್ದ ಕೈಯವಳ ಹತ್ತಿರ ಹೂವು ತಗೋ ಅಂತ ಅಜ್ಜಿ ಹೇಳಿ ಕಳಿಸುತ್ತಿದ್ದಳು.

ದೂರಕ್ಕೂ ಹೀಗೇ. ಮೂರು ಮೈಲಿಯ ಹರದಾರಿ ಹೋಯಿತು, ನಡೆಯುವವರೇ ಇಲ್ಲವಲ್ಲ. ಕೂಗಳತೆ ಉಳಿಯಿತು. ‘ಅವರ ಮನೆ ಕೂಗಳತೆ ದೂರದಲ್ಲೇ ಇದೆ’ ಅಂತ ಪತ್ರಿಕೆಗಳಲ್ಲೂ ಬರೆಯುತ್ತಾರೆ. ಹೊತ್ತಿನ ಮಾತು ಬೇರೆ. ದಿನಕ್ಕೆ 60 ಗಳಿಗೆ, ಒಂದು ಗಳಿಗೆ ಅಂದರೆ 24 ನಿಮಿಷ. ಲಗ್ನಪತ್ರಿಕೆಯ ‘ಶುಭ ಗಳಿಗೆ’ಯಲ್ಲಿ ಅದು ಇನ್ನೂ ಇದೆ, ಆದರೆ ಎಷ್ಟು ನಿಮಿಷ ಅಂತ ಕೇಳಿದರೆ ಮದುವೆಮನೆಯಲ್ಲಿ ನಾಲ್ಕು ಜನಕ್ಕೆ ಗೊತ್ತಿರುವುದಿಲ್ಲ.

ದುಡ್ಡಿನ ಕಥೆ ಇನ್ನೂ ಸ್ವಾರಸ್ಯ. ಹಳೇ ಲೆಕ್ಕದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಒಟ್ಟು ರೂಪಾಯಿಗೆ 64 ಪೈಸೆ, 192 ಪೈ. ನಮ್ಮಜ್ಜಿ ಪೈ ಅನ್ನುತ್ತಿರಲಿಲ್ಲ, ಕಾಸು ಅನ್ನುತ್ತಿದ್ದಳು. ಅವಳ ‘ಮೂರು ಕಾಸು’ ಅಂದರೆ ಕಾಲಾಣೆ. ‘ಮೂರು ಕಾಸಿನ ಬೆಲೆ ಇಲ್ಲ’ ಅಂತ ಬೈಯುತ್ತೇವಲ್ಲ, ಆ ಮೂರು ಕಾಸಿಗೆ ಒಂದು ಕಾಲದಲ್ಲಿ ನಿಜವಾದ ಬಿಲ್ಲೆ ಇತ್ತು. ಯುದ್ಧದ ಕಾಲದಲ್ಲಿ ತಾಮ್ರ ಉಳಿಸಲು ನಡುವೆ ತೂತು ಮಾಡಿದ ಪೈಸೆ ಬಂತು, 1943ರಿಂದ 1947ರವರೆಗೆ. ಅಂಥ ಒಂದು ತೂತಿನ ಕಾಸನ್ನು ಅಜ್ಜಿ ನನ್ನ ತಮ್ಮನ ಉಡಿದಾರಕ್ಕೆ ಕಟ್ಟಿದ್ದಳು.

1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ಹಳೇ ಪೈಸೆಗೂ ಹೊಸದಕ್ಕೂ ಗೊಂದಲ ಆಗದಿರಲಿ ಅಂತ ಅದನ್ನು ನಯಾ ಪೈಸೆ ಅಂದರು, 1964ರಲ್ಲಿ ನಯಾ ಅನ್ನುವುದನ್ನು ಬಿಟ್ಟರು. ಈಗ ಲೆಕ್ಕ ಹಾಕಿ ನೋಡಿ. ಒಂದು ಆಣೆ ಅಂದರೆ ಆರೂಕಾಲು ಪೈಸೆ. ಎರಡಾಣೆ ಅಂದರೆ ಹನ್ನೆರಡೂವರೆ. ಅಷ್ಟಕ್ಕೆ ಸರಿಯಾಗಿ ಚಿಲ್ಲರೆ ಕೊಡುವುದು ಹೇಗೆ? ಆಗುವುದಿಲ್ಲ. ಆದರೆ ನಾಲ್ಕಾಣೆ ಸರಿಯಾಗಿ 25 ಪೈಸೆ, ಎಂಟಾಣೆ 50, ಹನ್ನೆರಡಾಣೆ 75. ಈ ಮೂರೂ ಹೊಸ ಲೆಕ್ಕದಲ್ಲಿ ಚೂರೂ ಹರಿಯದೆ ಕೂತವು. ಅದಕ್ಕೇ ಈ ಮೂರು ಮಾತು ಉಳಿದವು, ಒಂದಾಣೆ ಎರಡಾಣೆ ಹೋದವು. ಆಣೆಯನ್ನು ಕಣ್ಣಲ್ಲೇ ಕಾಣದ ನನ್ನಂಥ ಮಕ್ಕಳು, ಚೌಕಾಕಾರದ ಐದು ಪೈಸೆ, ಹೂವಿನ ಎಸಳಿನಂಥ ಅಂಚಿನ ಹತ್ತು ಪೈಸೆ ಕೈಯಲ್ಲಿ ಹಿಡಿದುಕೊಂಡೇ ‘ಅಪ್ಪ, ನಾಲ್ಕಾಣೆ ಕೊಡು’ ಅಂತ ಕೇಳುತ್ತಿದ್ದೆವು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಅವತ್ತಿಗೆ ನಾಲ್ಕಾಣೆಯ ಕಾಲ ಮುಗಿಯಿತು. ಎಂಟಾಣೆಗೆ ಕಾನೂನಿನ ಲೆಕ್ಕದಲ್ಲಿ ಇನ್ನೂ ಜೀವ ಇದೆ, ಅಂಗಡಿಯಲ್ಲಿ ತಗೊಳ್ಳುವವರು ಇಲ್ಲ.

ಕೆಲವು ಮಾತು ಸಾಯಲಿಲ್ಲ, ಕೆಲಸ ಬದಲಾಯಿಸಿದವು. ಹಣ ಅನ್ನುವುದು ಒಂದು ಚಿಕ್ಕ ಚಿನ್ನದ ನಾಣ್ಯದ ಹೆಸರು. ದುಡ್ಡು ಅನ್ನುವುದು ತಾಮ್ರದ ನಾಣ್ಯದ ಹೆಸರು. ಕಾಸು ಇನ್ನೂ ಚಿಕ್ಕದು. ಇವತ್ತು ಮೂರಕ್ಕೂ ಅರ್ಥ ಒಂದೇ. ನಾವು ದಿನಾ ಹತ್ತು ಸಲ ಹೇಳುವ ಮಾತಿನೊಳಗೆ ಒಂದೊಂದು ಹಳೇ ನಾಣ್ಯ ಕೂತಿದೆ. ನೆಲದ ಅಳತೆಯಲ್ಲಿ ಗುಂಟೆ ಉಳಿದದ್ದು ಕಾಗದದಿಂದ. 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆಗೆ ಎಕರೆ. ಪಹಣಿಯಲ್ಲಿ ಎಕರೆ-ಗುಂಟೆ ಬರೆಯುವವರೆಗೂ ಅದಕ್ಕೆ ಭಯ ಇಲ್ಲ. ಪಹಣಿಯಲ್ಲಿ ಜಾಗ ಸಿಗದ ಖಂಡುಗಕ್ಕೆ ಆ ಅದೃಷ್ಟ ಬರಲಿಲ್ಲ.

ಇಷ್ಟು ಲೆಕ್ಕ ಗೊತ್ತಾದ ಮೇಲೂ ನನಗೆ ನಿಜವಾಗಿ ಏನು ನೆನಪಾಗುತ್ತದೆ ಅಂದರೆ, ಅಳತೆಯ ಸುತ್ತ ಇದ್ದ ರೀತಿರಿವಾಜು. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯದಕ್ಕೆ ‘ಒಂದು’ ಅನ್ನುವ ಹಾಗಿಲ್ಲ. ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು ಅಂತ ಹೋಗುತ್ತಿತ್ತು ಎಣಿಕೆ. ನಾನು ಚಿಕ್ಕವಳಿದ್ದಾಗ ಒಂದಕ್ಕೆ ಇನ್ನೊಂದು ಹೆಸರೇ ಲಾಭ ಅಂದುಕೊಂಡಿದ್ದೆ. ಅಕ್ಕಿ ಮುಗಿಯಿತು ಅಂತ ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ‘ಅಕ್ಕಿ ಹೆಚ್ಚಿದೆ’ ಅನ್ನಬೇಕು. ಗುಡಾಣದ ತಳ ಕೆರೆಯುವ ಹಾಗಿಲ್ಲ, ಒಂದು ಹಿಡಿ ಬಿಟ್ಟೇ ತೆಗೆಯಬೇಕು. ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು ಅಂತಾರಲ್ಲ, ಅದೇ ಮನಸ್ಸು. ಇಲ್ಲ ಅನ್ನುವ ಮಾತು ಮನೆಯಲ್ಲಿ ಕೇಳಬಾರದು. ವರ್ಷದಲ್ಲಿ ಎರಡು ತಿಂಗಳು ನಿಜವಾಗಿಯೂ ಅಕ್ಕಿ ಇಲ್ಲದ ಮನೆಗಳಲ್ಲಿ ಈ ಮಾತು ಹುಟ್ಟಿದೆ ಅಂತ ನೆನೆದರೆ ಗಂಟಲು ಕಟ್ಟುತ್ತದೆ.

ಆಮೇಲೆ ಕೊಸರು. ಇದರ ಬಗ್ಗೆ ಹೇಳದೆ ಬಿಡಲಾರೆ. ಅಳತೆ ಮುಗಿದ ಮೇಲೆ ಸುಮ್ನೆ ಮೇಲೊಂದಿಷ್ಟು ಹಾಕುವುದೇ ಕೊಸರು. ಹಾಲಿನವಳು ಪಾವು ಹಾಲು ಅಳೆದು ಸುರಿದ ಮೇಲೆ ಒಂದು ತೊಟ್ಟು ಹೆಚ್ಚಿಗೆ ಬಿಡುತ್ತಿದ್ದಳು. ತರಕಾರಿಯವಳು ಎರಡು ಎಸಳು ಕರಿಬೇವು ಸೇರಿಸುತ್ತಿದ್ದಳು. ಅದನ್ನು ಕೇಳಿ ತಗೊಳ್ಳುವ ಹಕ್ಕು ಕೊಳ್ಳುವವರಿಗಿತ್ತು, ಕೊಡುವುದು ಮಾರುವವರ ಮರ್ಯಾದೆಯಾಗಿತ್ತು. ಪಕ್ಕದ ಮನೆಯಿಂದ ಒಂದು ಪಾವು ಸಕ್ಕರೆ ಕೈಗಡ ತಂದರೆ ತೀರಿಸುವಾಗ ಗುಡ್ಡೆ ಮಾಡಿ ಕೊಡಬೇಕು, ಸವರಿ ಕೊಟ್ಟರೆ ಅಮ್ಮನಿಂದ ಬೈಗುಳ. ಈಗ ಅಂಕಿ ತೋರಿಸುವ ತಕ್ಕಡಿ ಬಂದಿದೆ. 502 ಗ್ರಾಂ ಆದರೆ ಎರಡು ಬೀನ್ಸು ವಾಪಸ್ ತೆಗೆಯುತ್ತಾರೆ. ಅವರದೂ ತಪ್ಪಲ್ಲ, ಬಿಲ್ಲು ಹಾಗೆ. ಮೋಸಕ್ಕೆ ಜಾಗ ಮುಚ್ಚಿದ ತಕ್ಕಡಿ ಕೊಸರಿಗೂ ಜಾಗ ಮುಚ್ಚಿತು. ಗುಡ್ಡೆ ಅಳತೆ ಬೇಡ ಅಂತ ಮೇಲೆ ಬರೆದವಳೇ ನಾನು, ಆದರೆ ಕೊಸರು ಬೇಕಿತ್ತು ಅಂತ ಅನ್ನಿಸುವುದನ್ನು ತಡೆಯಲಾರೆ.

ನಿಮ್ಮ ಮನೆಯ ಅಟ್ಟದಲ್ಲೋ ದೇವರ ಕೋಣೆಯ ಮೂಲೆಯಲ್ಲೋ ಸೇರು, ಪಾವು ಇದ್ದರೆ ಒಂದು ಕೆಲಸ ಮಾಡಿ. ಮದುವೆಯಲ್ಲಿ ಸೊಸೆ ಹೊಸ್ತಿಲ ಮೇಲೆ ಒದೆಯುವ ಅಕ್ಕಿ ತುಂಬಿದ ಸೇರು ಎಷ್ಟೋ ಮನೆಗಳಲ್ಲಿ ಇನ್ನೂ ಇದೆ, ಅದಾದರೂ ಆಗುತ್ತದೆ. ಅದಕ್ಕೆ ಬಾಯಿಯ ಮಟ್ಟಕ್ಕೆ ನೀರು ತುಂಬಿ, ಆ ನೀರನ್ನು ಮಿಲಿಲೀಟರ್ ಗೆರೆ ಇರುವ ಪಾತ್ರೆಗೆ ಸುರಿದು ನೋಡಿ. ಬಂದ ಅಂಕಿಯನ್ನು, ನಿಮ್ಮ ಮನೆಯಲ್ಲಿ ಅದಕ್ಕೆ ಏನನ್ನುತ್ತಿದ್ದರು ಅನ್ನುವುದನ್ನು, ಊರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪಾತ್ರೆಯೊಳಗೇ ಇಡಿ. ಊರೂರಿಗೂ ಅಳತೆ ಬೇರೆ ಇದ್ದದ್ದರಿಂದ ನಿಮ್ಮ ಊರಿನದ್ದು ಎಷ್ಟು ಅಂತ ಹೇಳಲು ಆ ಪಾತ್ರೆಗಿಂತ ಒಳ್ಳೇ ಸಾಕ್ಷಿ ಇನ್ನೊಂದಿಲ್ಲ. ಹೇಳಬಲ್ಲ ಹಿರಿಯರು ಇದ್ದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಅವರು ಲೆಕ್ಕದ ಜೊತೆ ನಾಲ್ಕು ಕಥೆಯನ್ನೂ ಹೇಳುತ್ತಾರೆ.

ನಮ್ಮಜ್ಜಿಯ ಪಾವು ನನ್ನ ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಿತು. ಕಾಲು ಲೀಟರಿಗೆ ಸ್ವಲ್ಪ ಕಮ್ಮಿ ಹಿಡಿಯುತ್ತದೆ. ಅಂದರೆ ಒಂದೂವರೆ ಪಾವು ಅಂದರೆ ಮಗಳ ಜಪಾನಿ ಕಪ್ಪಿನಲ್ಲಿ ಸರಿಯಾಗಿ ಎರಡು. ಅವಳಿಗೆ ಹಾಗೇ ಹೇಳಿದೆ. ಯಾರಾದರೂ ಹೆಚ್ಚಿಗೆ ಬರಬಹುದು, ಮೇಲೆ ಒಂದು ಹಿಡಿ ಹಾಕು ಅಂತಲೂ ಹೇಳಿದೆ.